ಕೊಡಗಿನ ಮಳೆಗೆ ಫೈಬರ್ ಗೋಬರ್ ಗ್ಯಾಸ್ ತಾಳುತ್ತದೆಯೇ?

ಫೈಬರ್ ಟ್ಯಾಂಕಿನೊಳಗೆ ಗ್ಯಾಸ್ ಹಿಡಿಯುವ ಫೈಬರ್ ಡ್ರಮ್ ತೇಲುವ, ಒಂದು ಘನ ಮೀಟರಿನ ರೆಡಿಮೇಡ್ ಗೋಬರ್ ಗ್ಯಾಸ್ ಘಟಕ ಎರಡು ಮೂರು ದನ ಇರುವ ಕೊಡಗಿನ ಮನೆಗೆ ಒಳ್ಳೆಯ ಸಾಮಾನು. ಧೈರ್ಯವಾಗಿ ಕೊಳ್ಳಬಹುದು. ಆದರೆ ಮಾರುವವರು ಹೇಳುವುದು ಬಿಸಿಲುನಾಡಿನ ಲೆಕ್ಕ. ನಮಗೆ ಬೇಕಾದ್ದು ಕಕ್ಕಡದ, ಅಂದರೆ ಜುಲೈ–ಆಗಸ್ಟ್‌ನ ಜೋರು ಮಳೆಗಾಲದ, ಲೆಕ್ಕ.

ಗ್ಯಾಸ್ ಹುಟ್ಟಿಸುವ ಸೂಕ್ಷ್ಮಾಣುಗಳಿಗೆ 30ರಿಂದ 37 ಡಿಗ್ರಿ ಶಾಖ ಹಿತ. 20ರ ಕೆಳಗೆ ಅವು ಮಂದವಾಗುತ್ತವೆ, 15ರ ಕೆಳಗೆ ಕೆಲಸ ಬಹುತೇಕ ನಿಲ್ಲುತ್ತದೆ. ಆದ್ದರಿಂದ ಚಳಿಯಲ್ಲಿ ಸಗಣಿ ಟ್ಯಾಂಕಿನೊಳಗೆ ಹೆಚ್ಚು ದಿನ ಇರಬೇಕು. ದಿನಕ್ಕೆ 25 ಕಿಲೋ ಸಗಣಿಗೆ 25 ಲೀಟರ್ ನೀರು ಕಲಸಿದರೆ 50 ಲೀಟರ್. ಅದು 40 ದಿನ ಇರಲು 2,000 ಲೀಟರಿನ ಟ್ಯಾಂಕ್ ಸಾಕು, 55 ದಿನ ಇರಬೇಕಾದರೆ 2,750 ಲೀಟರ್ ಬೇಕು. ಬೆಚ್ಚಗಿರುವ ಕುಶಾಲನಗರದ ಕಡೆ ಮೊದಲನೆಯದು ನಡೆಯುತ್ತದೆ. ಚಳಿ, ಮಳೆ ಹೆಚ್ಚಿರುವ ಮಡಿಕೇರಿ, ಭಾಗಮಂಡಲದ ಕಡೆಯವರು ಎರಡನೆಯದನ್ನೇ ಕೇಳಿ. ‘ಒಂದು ಘನ ಮೀಟರ್’ ಎಂಬುದು ದಿನಕ್ಕೆ ಸಿಗುವ ಗ್ಯಾಸಿನ ಅಳತೆ, ಟ್ಯಾಂಕಿನ ಅಳತೆಯಲ್ಲ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಒಳಗೆ ಎಷ್ಟು ಲೀಟರ್ ಹಿಡಿಯುತ್ತದೆ?

ಬೇಸಿಗೆಯಲ್ಲಿ ಒಂದು ಒಲೆ ಸುಮಾರು ಎರಡು ತಾಸು ಉರಿಯುತ್ತದೆ. ದಿನಕ್ಕೆ 430 ಗ್ರಾಂ ಎಲ್‌ಪಿಜಿಗೆ ಸಮ, ಅಂದರೆ ತಿಂಗಳಿಗೆ 14.2 ಕಿಲೋ ಸಿಲಿಂಡರಿಗೆ ಸ್ವಲ್ಪ ಕಡಿಮೆ. ಜೋರು ಮಳೆಯ ತಿಂಗಳುಗಳಲ್ಲಿ ಇದರ ಅರ್ಧ ಎಂದೇ ಎಣಿಸಿ, ಸಿಲಿಂಡರ್ ಕೈಯಲ್ಲಿರಲಿ. ಮೇಯಲು ಹೋಗುವ ನಾಟಿ ದನದಿಂದ ಕೊಟ್ಟಿಗೆಯಲ್ಲಿ ಸಿಗುವುದು ದಿನಕ್ಕೆ ಹೆಚ್ಚೆಂದರೆ 8ರಿಂದ 10 ಕಿಲೋ ಸಗಣಿ; ಕಟ್ಟಿ ಸಾಕಿದ ಮಿಶ್ರತಳಿ ಹಸು ಎರಡಿದ್ದರೆ ಸಾಕು.

ಫೈಬರ್ ಗೆಲ್ಲುವುದು ಎರಡು ಕಡೆ. ಕಬ್ಬಿಣದ ಡ್ರಮ್ಮಿಗೆ ನಮ್ಮ ತೇವದಲ್ಲಿ ವರ್ಷವರ್ಷವೂ ಬಣ್ಣ ಹೊಡೆಯಬೇಕು, ಇದಕ್ಕೆ ತುಕ್ಕಿನ ಕಾಟವಿಲ್ಲ. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟುವ ದೀನಬಂಧು ಮಾದರಿಗೆ ತೆಗೆಯುವಷ್ಟು ದೊಡ್ಡ ಗುಂಡಿಯೂ ಬೇಡ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ: ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಕಡಿದು ಜಾಗ ಮಾಡಲೇಬೇಡಿ, ಸಮತಟ್ಟಾದ ಜಾಗವಿದ್ದಲ್ಲಿ ಮಾತ್ರ ಕೂರಿಸಿ. ಅರ್ಧ ಹೂಳುವುದಾದರೆ ಮೊದಲು ಟ್ಯಾಂಕಿಗೆ ನೀರು ತುಂಬಿ, ಆಮೇಲೆ ಸುತ್ತ ಮಣ್ಣು ಹಾಕಿ. ಖಾಲಿ ಟ್ಯಾಂಕ್ ಹೂತಿಟ್ಟರೆ ಜೂನ್‌ನ ಒರತೆ ನೀರು ಅದನ್ನು ದೋಣಿಯಂತೆ ಎತ್ತುತ್ತದೆ, ಪೈಪಿನ ಕೀಲು ಮುರಿಯುತ್ತದೆ.

ಮೇಲೊಂದು ಚಾವಣಿ ಇರಲೇಬೇಕು. ಒಂದೂವರೆ ಮೀಟರ್ ಅಗಲದ ಬಾಯಿಯ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು 175 ಲೀಟರ್. ಡ್ರಮ್ಮಿನ ಗುಮ್ಮಟದಿಂದ ಇಳಿದ ನೀರು ಪಕ್ಕದ ಸಂದಿಯಿಂದ ಟ್ಯಾಂಕಿಗೇ ಸೇರುತ್ತದೆ. ಟ್ಯಾಂಕಿನ ಮೂರೂವರೆ ದಿನದ ಮೇವು, ಅಂದರೆ ದಿನಾ ಹಾಕುವ ಸಗಣಿನೀರು, ಒಂದೇ ರಾತ್ರಿಗೆ ತುಂಬಿದಂತೆ. ಅಷ್ಟೇ ಸ್ಲರಿ (ಒಳಗಿನ ಸಗಣಿ ರಾಡಿ) ಸೂಕ್ಷ್ಮಾಣು ಸಮೇತ ಹೊರಗೆ ಹೋಗುತ್ತದೆ. ಆಗಸ್ಟ್‌ನಲ್ಲಿ ಗ್ಯಾಸ್ ಬರುತ್ತಿಲ್ಲವೆಂದರೆ ಮೊದಲು ಮೇಲೆ ಚಾವಣಿ ಇದೆಯೇ ನೋಡಿ. ನಾಲ್ಕು ತಗಡು ಶೀಟ್ ಸಾಕು. ಟ್ಯಾಂಕಿನ ಸುತ್ತ ಗೋಣಿಚೀಲದಲ್ಲಿ ಒಣ ಕಾಫಿ ಹೊಟ್ಟು ಒತ್ತಿಟ್ಟರೆ ಶಾಖ ನಿಲ್ಲುತ್ತದೆ. ಸಗಣಿ ಕಲಸಲು ಬಚ್ಚಲ ಹಂಡೆಯಲ್ಲಿ ಉಳಿದ ಬೆಚ್ಚನೆಯ ನೀರು ಬಳಸಿ; ಸೋಪಿನ ನೀರು ಬೇಡ.

ಕೂರಿಸುವುದಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. 2,000 ಲೀಟರಿನದಕ್ಕೆ ಮೊದಲ ಸಲ ಸುಮಾರು ಒಂದು ಟನ್ ಸಗಣಿ, ಅಷ್ಟೇ ನೀರು. ನಡೆಯುತ್ತಿರುವ ಘಟಕದಿಂದ ನಾಲ್ಕಾರು ಬಕೆಟ್ ಸ್ಲರಿ ತಂದು ಬೆರೆಸಿದರೆ ಬೇಗ ಹದಕ್ಕೆ ಬರುತ್ತದೆ, ಇಲ್ಲದಿದ್ದರೆ ಎರಡರಿಂದ ನಾಲ್ಕು ವಾರ. ಮೊದಲು ತುಂಬಿದ ಗ್ಯಾಸಿನಲ್ಲಿ ಗಾಳಿ ಸೇರಿರುತ್ತದೆ. ಅದನ್ನು ಹಚ್ಚದೆ ಹೊರಗೆ ಬಿಡಿ. ಬೆಂಕಿಕಡ್ಡಿ ಗೀರಿ ನೋಡುವುದು ಅಡುಗೆಮನೆಯ ಒಲೆಯಲ್ಲಿ ಮಾತ್ರ, ಡ್ರಮ್ಮಿನ ಹತ್ತಿರ ಎಂದಿಗೂ ಅಲ್ಲ.

ದಿನಾ ಹಾಕುವಾಗ ಹುಲ್ಲಿನ ಕಡ್ಡಿ ಆರಿಸಿ ತೆಗೆಯಿರಿ. ಅದು ಮೇಲೆ ತೇಲಿ ಕೆನೆಗಟ್ಟಿ, ಡ್ರಮ್ ಒಂದು ಕಡೆಗೆ ವಾಲಿ ಸಿಕ್ಕಿಕೊಳ್ಳುತ್ತದೆ. ದಿನಕ್ಕೊಮ್ಮೆ ಡ್ರಮ್ಮನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಕೆನೆ ಒಡೆಯುತ್ತದೆ. ಉಳಿದ ಅನ್ನ, ತರಕಾರಿ ಸಿಪ್ಪೆ ಸ್ವಲ್ಪ ಹಾಕಬಹುದು. ಕಿತ್ತಳೆ ಸಿಪ್ಪೆ, ಹಂದಿ ಮಾಂಸದ ಕೊಬ್ಬಿನ ರಾಶಿ, ಫಿನಾಯಿಲ್ ತೊಳೆದ ನೀರು, ಆಂಟಿಬಯೋಟಿಕ್ ಕೊಟ್ಟ ಹಸುವಿನ ಸಗಣಿ ಬೇಡ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರನ್ನಂತೂ ಹಾಕಲೇಬೇಡಿ, ಅದರ ಹುಳಿಗೆ ಇಡೀ ಟ್ಯಾಂಕ್ ಕೆಡುತ್ತದೆ. ಹುಳಿ ವಾಸನೆ ಬಂದು ಉರಿ ನಿಂತರೆ ಮೇವು ನಿಲ್ಲಿಸಿ, ವಾರ ಕಾದು, ಬರೀ ಸಗಣಿಯಿಂದ ಮತ್ತೆ ಶುರುಮಾಡಿ.

ಉರಿ ನಡುಗಿದರೆ ಪೈಪಿನಲ್ಲಿ ನೀರು ಕಟ್ಟಿದೆ ಎಂದರ್ಥ. ಗ್ಯಾಸಿನ ಜೊತೆ ಬರುವ ಆವಿ ತಣ್ಣಗಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನೂರಕ್ಕೆ ಒಂದರಷ್ಟು ಇಳಿಜಾರು ಟ್ಯಾಂಕಿನ ಕಡೆಗಿರಲಿ, ಅತಿ ತಗ್ಗಿನಲ್ಲಿ ನೀರು ಬಿಡಲು ಒಂದು ನಲ್ಲಿ ಇರಲಿ. ಎಲ್‌ಪಿಜಿ ಒಲೆಯ ಜೆಟ್ಟಿನ ತೂತು ಇದರ ಕಡಿಮೆ ಒತ್ತಡಕ್ಕೆ ಸಣ್ಣದು. ಗೋಬರ್ ಗ್ಯಾಸಿನದೇ ಒಲೆ ಬೇಕು. ಉರಿ ಹಳದಿಯಾದರೆ ಗಾಳಿಯ ಕಿಂಡಿ ಇನ್ನಷ್ಟು ತೆರೆಯಿರಿ.

ಹೊರಬರುವ ಸ್ಲರಿ ಕಾಫಿ, ಮೆಣಸಿನ ಬುಡಕ್ಕೆ ಬಂಗಾರ. ಮಳೆ ಹೊಯ್ಯುವಾಗ ಮಾತ್ರ ಸುರಿಯಬೇಡಿ. ತೋಡಿಗೆ ಹರಿದು ಕೊನೆಗೆ ಕಾವೇರಿ ಸೇರುತ್ತದೆ. ಆಗ ತರಗೆಲೆ ತುಂಬಿದ, ಮೇಲೆ ಮುಚ್ಚಿದ ಗುಂಡಿಗೆ ಬಿಡಿ.

ಮಾರುವವರು ಹೇಳದ ಸಂಗತಿಯೊಂದಿದೆ. ಈ ಗ್ಯಾಸಿನಲ್ಲಿ ನೂರಕ್ಕೆ ಸುಮಾರು 60 ಭಾಗ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಘನ ಮೀಟರ್ ಉರಿಯದೆ ಸೋರಿದರೆ ಸುಮಾರು 11 ಕಿಲೋ ಡೈಆಕ್ಸೈಡ್ ಬಿಟ್ಟಷ್ಟು ಹಾನಿ. ಅಷ್ಟೇ ಗ್ಯಾಸ್ ಉರಿಸಿ ಎಲ್‌ಪಿಜಿ ಉಳಿಸಿದಾಗ ತಪ್ಪುವುದು 1.3 ಕಿಲೋ. ಅಂದರೆ ಒಂದು ದಿನದ ಸೋರಿಕೆ ಎಂಟು ದಿನದ ಲಾಭವನ್ನು ತಿನ್ನುತ್ತದೆ. ತಿಂಗಳಿಗೊಮ್ಮೆ ಪೈಪಿನ ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಏಪ್ರಿಲ್‌ನಲ್ಲಿ ಡ್ರಮ್ ಪೂರಾ ಮೇಲೆದ್ದು ಪಕ್ಕದಿಂದ ಗುಳುಗುಳು ಬರುತ್ತಿದ್ದರೆ ಒಲೆಯ ಮೇಲೆ ದನದ ಕಲಗಚ್ಚು ಇಡಿ, ಸ್ನಾನದ ನೀರು ಕಾಯಿಸಿ. ಊರು ಬಿಟ್ಟು ಹೋಗುವುದಿದ್ದರೆ ವಾರ ಮೊದಲೇ ಟ್ಯಾಂಕಿನ ಮೇವು ಕಡಿಮೆ ಮಾಡಿ, ಹೊರಡುವ ದಿನ ಡ್ರಮ್ ಕೆಳಗೆ ಕೂರುವವರೆಗೆ ಉರಿಸಿ.