ವ್ಯಾಲ್‌ಗ್ರೈಂಡ್‌ನ ಮೆಮ್‌ಚೆಕ್: 11ನೆಯ ಬೈಟನ್ನು ಹಿಡಿಯುವ ಸಾಧನ

ಸಿ ಭಾಷೆಯಲ್ಲಿ 10 ಬೈಟುಗಳಿಗೆಂದು ಮೆಮೊರಿ ಕೊಡುವ ಫಂಕ್ಷನ್ ಮ್ಯಾಲಕ್ ಅನ್ನು ಕರೆದು, ಸ್ಟ್ರಿಂಗಿನ ಕೊನೆಯ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯಲು ಮರೆತು 11ನೆಯ ಬೈಟಿಗೆ ಬರೆದರೂ, 64 ಬಿಟ್ ಲಿನಕ್ಸ್‌ನಲ್ಲಿ ಪ್ರೋಗ್ರಾಂ ಏನೂ ಆಗದಂತೆ ಮುಂದುವರಿಯುತ್ತದೆ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಗ್ಲಿಬ್‌ಸಿ ಅಲ್ಲಿ ಸದ್ದಿಲ್ಲದೆ 24 ಬೈಟುಗಳ ಜಾಗವನ್ನು ಕೊಟ್ಟಿರುತ್ತದೆ. 2002ರಿಂದ ಉಚಿತವಾಗಿ ದೊರೆಯುತ್ತಿರುವ, ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿ ಬಳಕೆಯನ್ನು ತಪಾಸಿಸುವ ವ್ಯಾಲ್‌ಗ್ರೈಂಡ್‌ನ ಮೆಮ್‌ಚೆಕ್ ಇಂತಹ ತಪ್ಪನ್ನು ಮೊದಲ ಓಟದಲ್ಲೇ ಹಿಡಿಯುತ್ತದೆ ಮತ್ತು ಡೀಬಗ್ ಮಾಹಿತಿಯೊಡನೆ ಕಂಪೈಲ್ ಮಾಡಿದ್ದರೆ ಸಾಲಿನ ಸಂಖ್ಯೆಯನ್ನೂ ತಿಳಿಸುತ್ತದೆ.

ಮ್ಯಾಲಕ್‌ಗೆ ಋಣ ಸಂಖ್ಯೆಯನ್ನು ಅಳತೆಯಾಗಿ ಕಳುಹಿಸಿದಾಗ, ಅದು ಅಗಾಧ ಧನ ಸಂಖ್ಯೆಯಾಗಿ ಬದಲಾಗುವುದನ್ನು ಮೆಮ್‌ಚೆಕ್ ಗಮನಿಸಿ ಅನುಮಾನ ಸೂಚಿಸುತ್ತದೆ. ಸಿ ಭಾಷೆಯ ಸಿ23 ಮಾನಕವು ಸೊನ್ನೆ ಅಳತೆಯ ರಿಯಾಲಕ್ (ಪಡೆದ ಮೆಮೊರಿಯ ಅಳತೆ ಬದಲಿಸುವ ಫಂಕ್ಷನ್) ಕರೆಯ ವರ್ತನೆಯನ್ನು ಅವ್ಯಾಖ್ಯಾನಿತ, ಅಂದರೆ ಏನು ಬೇಕಾದರೂ ಆಗಬಹುದಾದದ್ದು ಎಂದು ಸಾರಿದ ಮೇಲೆ ಅಂತಹ ಕರೆಯೂ ದೋಷವೇ, 3.21ನೆಯ ಆವೃತ್ತಿಯಿಂದ ಮೆಮ್‌ಚೆಕ್ ಅದನ್ನೂ ವರದಿ ಮಾಡುತ್ತದೆ.

ಆದರೆ ಒಂದು ಮಾತು ಗಮನದಲ್ಲಿರಬೇಕು. ಈ ಸಾಧನವು ವ್ಯವಸ್ಥೆಯ ಮ್ಯಾಲಕ್ ಅನ್ನು ಬದಿಗಿಟ್ಟು ತನ್ನದನ್ನೇ ಬಳಸುತ್ತದೆ. ಸೊನ್ನೆ ಬೈಟು ಕೇಳಿದರೆ ನಲ್ (ಎಲ್ಲಿಗೂ ತೋರಿಸದ ಖಾಲಿ ವಿಳಾಸ; ಮೆಮೊರಿ ಸಿಗದಾಗಲೂ ಇದೇ ಬರುತ್ತದೆ) ಕೊಡುವುದೋ ಬೇರೆ ಪಾಯಿಂಟರ್ (ಮೆಮೊರಿಯ ವಿಳಾಸ) ಕೊಡುವುದೋ ಎಂಬುದನ್ನು ಮಾನಕವು ಆಯಾ ಲೈಬ್ರರಿಗೆ ಬಿಟ್ಟಿರುವುದರಿಂದ, ಇಲ್ಲಿ ಸಿಗುವ ಉತ್ತರ ವ್ಯಾಲ್‌ಗ್ರೈಂಡ್‌ನದೇ ಹೊರತು ನಿಮ್ಮ ಕೋಡು ನಾಳೆ ಓಡಲಿರುವ ಯಂತ್ರದ್ದಲ್ಲ. ಮೆಮೊರಿ ಸಿಗದ ಸ್ಥಿತಿಯ ಪರೀಕ್ಷೆಗಂತೂ ಇದು ನೆರವಾಗುವುದಿಲ್ಲ. ಲಿನಕ್ಸ್ ಇರುವುದಕ್ಕಿಂತ ಹೆಚ್ಚು ಮೆಮೊರಿಯನ್ನು ಧಾರಾಳವಾಗಿ ಒಪ್ಪಿಕೊಳ್ಳುವುದರಿಂದ ನಲ್ ಬರುವುದೇ ಅಪರೂಪ. ಆದ್ದರಿಂದ ನಾನು ಮ್ಯಾಲಕ್ ಮತ್ತು ರಿಯಾಲಕ್‌ಗೆ ಹೊದಿಕೆಯೊಂದನ್ನು ಬರೆದು, ಮೊದಲ ಓಟದಲ್ಲಿ ಮೊದಲನೆಯ ಕರೆ, ಎರಡನೆಯದರಲ್ಲಿ ಎರಡನೆಯ ಕರೆ ವಿಫಲವಾಗುವಂತೆ ಮಾಡಿ, ಪ್ರತಿ ಓಟವನ್ನೂ ಮೆಮ್‌ಚೆಕ್‌ನ ಅಡಿಯಲ್ಲೇ ನಡೆಸುತ್ತೇನೆ. ರಿಯಾಲಕ್‌ನ ಫಲವನ್ನು ಹಳೆಯ ಪಾಯಿಂಟರಿಗೇ ತುಂಬಿಸಿ ಹಳೆಯ ತುಣುಕನ್ನು ಕಳೆದುಕೊಳ್ಳುವ ಲೀಕ್ ನನಗೆ ಸಿಕ್ಕಿದ್ದು ಈ ಜೋಡಿಯಿಂದಲೇ.

ಇನ್ನೊಂದು ಕಿರಿಕಿರಿ: ದೋಷಗಳಿದ್ದರೂ ಪ್ರೋಗ್ರಾಮಿನದೇ ನಿರ್ಗಮನ ಸಂಕೇತವನ್ನು (ಮುಗಿಯುವಾಗ ಯಶಸ್ಸೋ ಸೋಲೋ ಎಂದು ತಿಳಿಸುವ ಸಂಖ್ಯೆಯನ್ನು) ಮರಳಿಸುವುದು ಇದರ ಸಹಜ ನಡವಳಿಕೆ. ಬೇರೆ ಸಂಕೇತ ಬರುವಂತೆ ಆಯ್ಕೆ ಕೊಡದಿದ್ದರೆ ಸ್ವಯಂಚಾಲಿತ ಪರೀಕ್ಷೆ ಪಾಸೆಂದೇ ತೋರಿಸುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: 20ರಿಂದ 30 ಪಟ್ಟು ನಿಧಾನ. ಕಂಪೈಲರ್‌ನ ಜೊತೆಗೇ ಬರುವ ಇನ್ನೊಂದು ಮೆಮೊರಿ ತಪಾಸಕ ಅಡ್ರೆಸ್‌ಸ್ಯಾನಿಟೈಸರ್ ಸುಮಾರು 2 ಪಟ್ಟು ನಿಧಾನದಲ್ಲೇ ಮುಗಿಸಿ, ಸ್ಟ್ಯಾಕ್‌ನ (ಫಂಕ್ಷನ್‌ಗಳ ಸ್ಥಳೀಯ ಮೆಮೊರಿಯ) ಅರೇಗಳನ್ನೂ ಕಾಯುತ್ತದೆ. ಆದರೆ ಅದಕ್ಕೆ ಮರುಕಂಪೈಲ್ ಬೇಕು, ಬೆಲೆ ತುಂಬದ ಮೆಮೊರಿಯ ಬಳಕೆ ಅದರ ಕಣ್ಣಿಗೆ ಬೀಳುವುದಿಲ್ಲ. ದಿನದ ಕೆಲಸಕ್ಕೆ ಅದನ್ನೂ, ರಾತ್ರಿಯ ಪೂರ್ಣ ಪರೀಕ್ಷೆಗೆ ಮೆಮ್‌ಚೆಕ್ ಅನ್ನೂ ಇಟ್ಟುಕೊಂಡಿದ್ದೇನೆ.