ಹೊಸೂರಿನಲ್ಲಿ ಕ್ಲೈಂಬಿಂಗ್ ಶೂಗೆ ಹೊಸ ಅಟ್ಟೆ

ಕ್ಲೈಂಬಿಂಗ್ ಶೂಗೆ ಅಟ್ಟೆ ಹಾಕಿಸಬೇಕಾದರೆ ದೂರದ ಊರಿಗೆ ಪಾರ್ಸೆಲ್ ಮಾಡಬೇಕು ಅಂದುಕೊಂಡವರು ಇದನ್ನು ಓದಿ. ಹೊಸೂರು ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಬೋರ್ಡೂ ಇಲ್ಲದ ಒಂದು ಚಪ್ಪಲಿ ರಿಪೇರಿ ಅಂಗಡಿಯಿದೆ. ಅಲ್ಲಿ ಕೂರುವ ಹಿರಿಯರು ನನ್ನ ಶೂಗೆ ಅಟ್ಟೆ ಹಾಕಿಕೊಟ್ಟರು. ಬಂಡೆ ಹತ್ತಿ ನೋಡಿಯೇ ಹೇಳುತ್ತಿದ್ದೇನೆ, ಕೆಲಸ ಅಪ್ಪಟವಾಗಿದೆ.

ರಬ್ಬರ್ ಮಾತ್ರ ನೀವೇ ಒಯ್ಯಬೇಕು. ಮಾಮೂಲಿ ಚಪ್ಪಲಿ ಶೀಟು ಬಂಡೆ ಹಿಡಿಯುವುದಿಲ್ಲ. ನಾನು ವಿಬ್ರಾಮ್ ಎಕ್ಸ್‌ಎಸ್ ಗ್ರಿಪ್ ಎಂಬ ಕ್ಲೈಂಬಿಂಗ್ ರಬ್ಬರ್, 4 ಮಿ.ಮೀ. ದಪ್ಪದ್ದು ತರಿಸಿ ಕೊಟ್ಟೆ.

ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಟೂಲ್ ರೂಮಿನಲ್ಲಿ ದುಡಿಯುವ ನನಗೆ ಯಾರ ಕೈಕೆಲಸ ಕಂಡರೂ ನಿಂತು ನೋಡುವ ಅಭ್ಯಾಸ. ಹಳೇ ಅಟ್ಟೆಯನ್ನು ಅವರು ಕಿತ್ತೆಳೆಯಲಿಲ್ಲ. ಬಿಸಿ ತೋರಿಸಿ, ಮೆತ್ತಗಾದಷ್ಟನ್ನೇ ಬಿಡಿಸುತ್ತ ಹೋದರು. ಕಾಲ್ಬೆರಳ ಸುತ್ತ ಬರುವ ತೆಳುವಾದ ರಬ್ಬರ್ ಪಟ್ಟಿಗೆ, ನಾವು ರ‍್ಯಾಂಡ್ ಅನ್ನುತ್ತೇವಲ್ಲ ಅದಕ್ಕೆ, ಚಾಕು ತಾಗಿಸಲೇ ಇಲ್ಲ. ತಳವನ್ನು ಅರದಿಂದ ಉಜ್ಜಿ ಒರಟು ಮಾಡಿದರು. ಸೊಲ್ಯೂಷನ್ ಒಂದು ಕೈ ಬಳಿದು, ಒಣಗಿಸಿ, ಮತ್ತೊಂದು ಕೈ ಬಳಿದರು.

"ಅಂಟಿಸಬಹುದಲ್ವಾ ಅಣ್ಣ?" ಎಂದೆ.

"ಇರಿ ಸ್ವಾಮಿ. ಬೆರಳಿಗೆ ಅಂಟೋದು ನಿಲ್ಲಲಿ, ಆಮೇಲೆ ರಬ್ಬರ್‌ಗೆ ಅಂಟ್ಕೊಳತ್ತೆ."

ಆಮೇಲೂ ಸ್ವಲ್ಪ ಬಿಸಿ ತೋರಿಸಿ, ಗಾಳಿ ಉಳಿಯದ ಹಾಗೆ ನಡುವಿನಿಂದ ಅಂಚಿಗೆ ಸುತ್ತಿಗೆಯಲ್ಲಿ ಬಡಿಯುತ್ತ ಬಂದರು. ರಾತ್ರಿಯಿಡೀ ಭಾರ ಹೇರಿಟ್ಟು ಮರುದಿನ ಅಂಚು ತೀಡಿಕೊಟ್ಟರು. ಕೂಲಿ 350 ರೂಪಾಯಿ. ಇದು ಬಹಳ ಕಡಿಮೆ. ಕೇಳಿದ್ದಕ್ಕಿಂತ ಹೆಚ್ಚು ಕೊಡಿ ಎಂದೇ ನನ್ನ ಸಲಹೆ.

ಭಾನುವಾರ ನಸುಕಿಗೇ ಗೆಳೆಯ ಮಾದೇಶನ ಬೈಕಿನಲ್ಲಿ ಕೆಲಮಂಗಲ ದಾಟಿ ರಾಯಕೋಟೆ ಕಡೆಗೆ ಹೊರಟೆವು. ರಾಯಕೋಟೆಯ ದುರ್ಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿ ಹಗ್ಗ ಕಟ್ಟಲು ಹೋಗಬೇಡಿ. ನಾವು ಹತ್ತುವುದು ಒಬ್ಬ ರೈತರ ರಾಗಿ ಹೊಲದ ಹಿಂದಿನ ಗ್ರಾನೈಟ್ ಬಂಡೆ. ಅವರನ್ನು ಕೇಳಿಯೇ ಹತ್ತುತ್ತೇವೆ. ಕೃಷ್ಣಗಿರಿ ಜಿಲ್ಲೆಯಲ್ಲಿ ಇಂಥ ಎಷ್ಟೋ ಬಂಡೆಗಳು ಕ್ವಾರಿಗೆ ಹೋಗಿವೆ. ಇದು ಉಳಿದಿರುವುದೇ ನಮಗೆ ದೊಡ್ಡ ಸಂತೋಷ. ಬಲಗಡೆಯ ಚಾಚಿನಡಿ ಹೆಜ್ಜೇನು ಕಟ್ಟಿತ್ತು, ಆ ಕಡೆ ಸುಳಿಯಲಿಲ್ಲ.

ಧನುರ್ಮಾಸದ ಚಳಿಯಲ್ಲಿ ಬಂಡೆ ತಣ್ಣಗಿತ್ತು. ರಬ್ಬರ್ ಚೆನ್ನಾಗಿ ಕಚ್ಚುವುದು ಆಗಲೇ. ಬಿಸಿಲೇರಿ ಕಲ್ಲು ಕಾದರೆ ಅದೇ ಶೂ ಜಾರತೊಡಗುತ್ತದೆ. ಹಿಂದಿನಿಂದ ನಡೆದು ಮೇಲೇರಿ, ಎರಡು ಕಡೆ ಆಂಕರ್, ಅಂದರೆ ಹಗ್ಗಕ್ಕೆ ಗಟ್ಟಿ ಆಧಾರ, ಕಟ್ಟಿ ಹಗ್ಗ ಇಳಿಬಿಟ್ಟೆವು. ಮಾದೇಶ ಕೆಳಗೆ ಬಿಲೇಗೆ, ಅಂದರೆ ಬಿದ್ದರೆ ತಡೆಯಲು ಹಗ್ಗ ಹಿಡಿದು, ನಿಂತ.

ನಡುವಿನ ಭಾಗದಲ್ಲಿ ಕೈಗೆ ಹಿಡಿತವೇ ಇಲ್ಲ. ಅಂಗೈ ಬಂಡೆಗೊತ್ತಿ, ಅಟ್ಟೆಯ ಮುಂಭಾಗವನ್ನು ಪೂರ್ತಿ ಕಲ್ಲಿಗೆ ಕೂರಿಸಿ, ಮೈಭಾರವನ್ನೆಲ್ಲ ಕಾಲಿಗೇ ಬಿಡಬೇಕು. ಮೀನಖಂಡ ನಡುಗಲು ಶುರುವಾಯಿತು. "ಹಿಮ್ಮಡಿ ಇಳಿಸೋ, ಇನ್ನೂ ಇಳಿಸು!" ಕೆಳಗಿನಿಂದ ಕೂಗಿದ. ಇಳಿಸಿದೆ. ಹೊಸ ರಬ್ಬರ್ ಆ ಕಲ್ಲಿನ ಹರಳು ಹರಳನ್ನೂ ಹಿಡಿದುಕೊಂಡಿತು. ಅಲ್ಲಿಂದ ಮೇಲಿನ ಬಿರುಕು ಸಿಗುವವರೆಗಿನ ಒಂದೊಂದು ಹೆಜ್ಜೆಯೂ ನನಗೆ ನೆನಪಿದೆ.

ಆಮೇಲೆ ಅವನೂ ಹತ್ತಿದ. ಬಂಡೆಯ ನೆತ್ತಿಯಲ್ಲಿ ಕೂತು, ಅವನ ಅಮ್ಮ ಕಟ್ಟಿಕೊಟ್ಟಿದ್ದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಇಷ್ಟು ಖುಷಿಯ ದಿನ ಸಿಕ್ಕಿ ಬಹಳ ಕಾಲವಾಗಿತ್ತು.

ಇಳಿದ ಮೇಲೆ ಎರಡೂ ಶೂಗಳ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ, ಎಬ್ಬಿ ನೋಡಿದೆ. ಎಲ್ಲೂ ಬಿಟ್ಟಿರಲಿಲ್ಲ. ಒಂದೇ ಕೊರತೆಯೆಂದರೆ ಎಡಗಾಲಿನ ಒಳ ಅಂಚನ್ನು ತುಸು ಗುಂಡಗೆ ತೀಡಿದ್ದಾರೆ, ಸಣ್ಣ ಅಂಚುಗಳ ಮೇಲೆ ನಿಲ್ಲುವಾಗ ಗೊತ್ತಾಗುತ್ತದೆ. ಅಂಚು ಚೂಪಾಗಿಯೇ ಇರಲಿ ಎಂದು ಮೊದಲೇ ಹೇಳಿ. ರ‍್ಯಾಂಡ್ ತೂತು ಬೀಳುವ ಮುಂಚೆ ಒಯ್ಯಿರಿ, ತೂತು ಬಿದ್ದದ್ದನ್ನು ಅವರು ಮುಟ್ಟುವುದಿಲ್ಲ. ಶೂ ತೊಳೆದು ಒಣಗಿಸಿಕೊಂಡು ಹೋಗಿ, ಕೆಲಸಕ್ಕೆ ಅವರಿಗೆ ಎರಡು ದಿನ ಸಮಯ ಕೊಡಿ.