ಕಾವೇರಿ ವಿವಾದವನ್ನು ಮೊದಲ ಸಲ ಓದುವವರಿಗೆ: ನಾಲ್ಕು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು

ತಂಗಿಯ ಮಗಳು ದೀಪಾವಳಿ ರಜೆಗೆ ಬೆಂಗಳೂರಿನ ಹಾಸ್ಟೆಲಿನಿಂದ ಹಾಸನಕ್ಕೆ ಬಂದಾಗ ಅವಳ ಚೀಲದಲ್ಲಿ ಒಂದು ತೆಳುವಾದ ಇಂಗ್ಲಿಷ್ ಪುಸ್ತಕವಿತ್ತು. ಕೊಟ್ಟವಳು ಅವಳ ಕೋಣೆಯ ಗೆಳತಿ, ತಂಜಾವೂರಿನ ಹುಡುಗಿ. ಕಾವೇರಿಯ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಮೊದಲು ಇದನ್ನು ಓದು, ಆಮೇಲೆ ಮಾತನಾಡೋಣ ಎಂದು ಆ ಹುಡುಗಿ ಕೈಗಿಟ್ಟಿದ್ದಳಂತೆ. "ದೊಡ್ಡಮ್ಮ, ಇದರಲ್ಲಿರುವುದೆಲ್ಲ ಸುಳ್ಳೇ? ನಮ್ಮ ಕಡೆಯ ಪುಸ್ತಕ ಯಾವುದಿದೆ ಕೊಡಿ, ನಾನೂ ಅವಳಿಗೆ ಕೊಡುತ್ತೇನೆ" ಎಂದಳು.

ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ತಕ್ಷಣ ಒಂದು ಹೆಸರು ಹೇಳಬಹುದಿತ್ತು. ಹೇಳಲು ಮನಸ್ಸು ಒಪ್ಪಲಿಲ್ಲ, ಏಕೆಂದರೆ ನಾನು ಈ ವಿವಾದದ ಹೊರಗಿನವಳಲ್ಲ. ನನ್ನ ತಾಯಿಯ ತವರೂರು, ಕಾವೇರಿಯ ಉಪನದಿ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ನದಿಯ ಪಕ್ಕದಲ್ಲೇ ಬದುಕಿದವರಿಗೆ ತಮ್ಮ ಕಡೆಯ ಪುಸ್ತಕದ ವಾಲಿಕೆ ಕಣ್ಣಿಗೆ ಬೀಳುವುದು ಬಹಳ ಕಷ್ಟ. ಹಾಗಾಗಿ ನಾಲ್ಕು ಪುಸ್ತಕಗಳನ್ನು ತಂದು, ಎರಡು ತಿಂಗಳು ಕುಳಿತು, ಒಂದೇ ಘಟನೆಯನ್ನು ನಾಲ್ಕರಲ್ಲೂ ಹುಡುಕಿ ಓದಿದೆ. ಹೆಸರುಗಳನ್ನು ಹೇಳುವುದಿಲ್ಲ. ಇಂಥ ಪುಸ್ತಕಗಳು ಪ್ರತಿ ಅಂಗಡಿಯಲ್ಲೂ ಇರುತ್ತವೆ, ಓದುವವರಿಗೆ ಗುರುತು ಸಿಕ್ಕುತ್ತದೆ.

ಒಂದು, ಆ ತಂಜಾವೂರಿನ ಹುಡುಗಿ ಕೊಟ್ಟದ್ದು; ಕಾವೇರಿ ಕಡಲು ಸೇರುವ ಕಡೆಯ ಬಯಲಿನ, ಅಂದರೆ ಡೆಲ್ಟಾದ ಪರವಾದದ್ದು, ಹಾಗಾಗಿ ಡೆಲ್ಟಾ ಪುಸ್ತಕ ಎನ್ನುತ್ತೇನೆ. ಎರಡು, ಹಾಸನಾಂಬೆಯ ದರ್ಶನದ ದಿನಗಳಲ್ಲಿ ಮಳಿಗೆಯೊಂದರಿಂದ ನಾನು ಕೊಂಡ ಕನ್ನಡದ ಕಿರುಹೊತ್ತಿಗೆ. ಮೂರು, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರ ಕೈಪಿಡಿ. ನಾಲ್ಕನೆಯದು, ಎರಡೂ ಕಡೆಯ ವಾದವನ್ನು ಸಮವಾಗಿ ಹೇಳುತ್ತೇನೆಂದು ಮುನ್ನುಡಿಯಲ್ಲೇ ಮಾತು ಕೊಡುವ, ಪ್ರಾಧ್ಯಾಪಕರೊಬ್ಬರು ಇಂಗ್ಲಿಷಿನಲ್ಲಿ ಬರೆದ ಪರಿಚಯ ಗ್ರಂಥ.

ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಮೊದಲು ನೋಡಿದೆ. ಡೆಲ್ಟಾ ಪುಸ್ತಕ ಕರಿಕಾಲ ಚೋಳ ಕಾವೇರಿಗೆ ಕಟ್ಟಿಸಿದ ಕಲ್ಲಿನ ಅಣೆ ಕಲ್ಲಣೈಯಿಂದ ಆರಂಭವಾಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳಿಂದ ನಾವು ಈ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದೇವೆ ಎಂಬ ಮಾತು ಮೊದಲ ಪುಟದಲ್ಲೇ ಮನಸ್ಸಿಗೆ ಇಳಿಯುತ್ತದೆ. ಕನ್ನಡದ ಹೊತ್ತಿಗೆ ಆರಂಭವಾಗುವುದು 1892ರ ಒಪ್ಪಂದದಿಂದ. ಬ್ರಿಟಿಷರ ಮದ್ರಾಸು ಮೈಸೂರಿನ ಕೈ ಕಟ್ಟಿಹಾಕಿದ್ದು, ಕನ್ನಂಬಾಡಿ ಕಟ್ಟಲು ಹೊರಟಾಗ ಅಡ್ಡಿ ಮಾಡಿದ್ದು, ಮೈಸೂರಿನ ಪರವಾಗಿ ಬಂದ, ಮಧ್ಯಸ್ಥಗಾರ ಗ್ರಿಫಿನ್‌ರ 1914ರ ತೀರ್ಪನ್ನು ಒಪ್ಪದೆ ಲಂಡನ್ನಿನವರೆಗೆ ಮೇಲ್ಮನವಿ ಒಯ್ದದ್ದು, ಕೊನೆಗೆ 1924ರ ಒಪ್ಪಂದ. ಕೈಪಿಡಿಗೆ ಕಾವೇರಿ ಹುಟ್ಟುವುದೇ 1990ರ ಜೂನ್ 2ರಂದು, ನೀರು ಹಂಚಿಕೆಯನ್ನು ತೀರ್ಮಾನಿಸುವ ನ್ಯಾಯಮಂಡಳಿ ರಚನೆಯಾದ ದಿನ. ಪ್ರಾಧ್ಯಾಪಕರು ಮಳೆಯಿಂದ ಆರಂಭಿಸುತ್ತಾರೆ: ನೈಋತ್ಯ ಮುಂಗಾರು ಕೊಡಗು, ವಯನಾಡು, ಮಲೆನಾಡಿನಲ್ಲಿ ಸುರಿಯುವುದು, ಈಶಾನ್ಯ ಮಾರುತ ಅಕ್ಟೋಬರಿನಿಂದ ಡೆಲ್ಟಾದಲ್ಲಿ ಸುರಿಯುವುದು. ನಾಲ್ಕರಲ್ಲಿ ಒಂದೂ ಸುಳ್ಳು ಹೇಳಿಲ್ಲ. ಆದರೂ ಕಲ್ಲಣೈಯಿಂದ ಓದಿದವನಿಗೆ ಇದು ಹಳೆಯ ಹಕ್ಕನ್ನು ಕಿತ್ತುಕೊಂಡ ಕಥೆ. 1892ರಿಂದ ಓದಿದವನಿಗೆ ಹಳೆಯ ಅನ್ಯಾಯವನ್ನು ಸರಿಪಡಿಸುವ ಕಥೆ. 1990ರಿಂದ ಓದಿದವನಿಗೆ ಇದೊಂದು ಕೋರ್ಟು ಕಚೇರಿಯ ಕಡತ.

ಎರಡನೆಯ ಪರೀಕ್ಷೆ 1924ರ ಒಪ್ಪಂದದ ಐವತ್ತು ವರ್ಷದ ಮಾತು. ಆ ಒಪ್ಪಂದದ ಕೆಲವು ಷರತ್ತುಗಳನ್ನು ಐವತ್ತು ವರ್ಷಗಳ ಅನುಭವದ ಬೆಳಕಿನಲ್ಲಿ ಮರುಪರಿಶೀಲಿಸಬಹುದು ಎಂದು ಅದರಲ್ಲೇ ಬರೆದಿದೆ. ಕನ್ನಡದ ಹೊತ್ತಿಗೆ ಅದನ್ನು "1974ಕ್ಕೆ ಒಪ್ಪಂದ ಸತ್ತಿತು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಡೆಲ್ಟಾ ಪುಸ್ತಕ ಮರುಪರಿಶೀಲನೆ ಎಂಬ ಪದವನ್ನು ಹಿಡಿದುಕೊಂಡು, ಒಪ್ಪಂದದ ಉಳಿದ ಭಾಗಕ್ಕೆ ಸಾವೇ ಇಲ್ಲ ಎನ್ನುತ್ತದೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಬ್ರಿಟಿಷರ ಕಾಲದ ಒಪ್ಪಂದಗಳು ಬಲವಂತದವು, ಆದ್ದರಿಂದ ಅಸಿಂಧು ಎಂಬ ಕರ್ನಾಟಕದ ವಾದ ನಿಲ್ಲುವುದಿಲ್ಲ. ಆದರೆ 1924ರ ಒಪ್ಪಂದ ಐವತ್ತು ವರ್ಷಕ್ಕೆ ಮುಗಿದಿದೆ. ಕನ್ನಡದ ಹೊತ್ತಿಗೆ ಎರಡನೆಯ ಮಾತನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿದೆ, ಮೊದಲನೆಯದು ಅದರಲ್ಲಿ ಎಲ್ಲೂ ಇಲ್ಲ. ಡೆಲ್ಟಾ ಪುಸ್ತಕದಲ್ಲಿ ಮೊದಲನೆಯದಿದೆ, ಎರಡನೆಯದು ಅಡಿಟಿಪ್ಪಣಿಗೆ ಇಳಿದಿದೆ. ಎರಡನ್ನೂ ಒಂದೇ ಪುಟದಲ್ಲಿ ಹೇಳಿದ್ದು ಪ್ರಾಧ್ಯಾಪಕರ ಪುಸ್ತಕ ಮಾತ್ರ.

ಅಂಕಿಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿದ್ಯಾವಂತರೂ ಎಡವುವುದು ಇಲ್ಲೇ. ಕಣಿವೆಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲೇ ಹುಟ್ಟುತ್ತದೆ ಎಂಬ ಅಂಕಿ ಕನ್ನಡದ ಹೊತ್ತಿಗೆಯಲ್ಲಿ ನನ್ನ ಎಣಿಕೆಗೆ ಆರು ಕಡೆ ಬಂದಿದೆ. 1972ರ ಸತ್ಯಶೋಧನಾ ಸಮಿತಿ ಕೊಟ್ಟ ಬಳಕೆಯ ಲೆಕ್ಕ, ಅಂದರೆ ತಮಿಳುನಾಡು 489 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು), ಕರ್ನಾಟಕ 177, ಕೇರಳ 5 ಎಂಬುದು, ಡೆಲ್ಟಾ ಪುಸ್ತಕದ ಬೆನ್ನೆಲುಬು. ಒಂದು ಎಲ್ಲಿ ಹುಟ್ಟುತ್ತದೆ ಎನ್ನುತ್ತದೆ, ಇನ್ನೊಂದು ಯಾರು ಬಳಸುತ್ತಿದ್ದರು ಎನ್ನುತ್ತದೆ. ಎರಡೂ ದಾಖಲೆಯಲ್ಲಿವೆ. ಒಂದನ್ನು ಕೊಟ್ಟು ಇನ್ನೊಂದನ್ನು ಮುಚ್ಚಿಟ್ಟರೆ ಓದುಗನಿಗೆ ತೀರ್ಪನ್ನು ಬರೆದೇ ಕೊಟ್ಟಂತೆ.

ಇದಕ್ಕಿಂತ ನನಗೆ ನೋವಾದದ್ದು 419ರ ಕಥೆ. ನ್ಯಾಯಮಂಡಳಿಯ 2007ರ ಫೆಬ್ರವರಿ 5ರ ಅಂತಿಮ ತೀರ್ಪು ಒಟ್ಟು 740 ಟಿಎಂಸಿಯನ್ನು ಹಂಚಿತು: ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7, ಪರಿಸರಕ್ಕೆ 10, ಸಮುದ್ರಕ್ಕೆ ಹರಿದೇ ಹೋಗುವುದು 4. ನಮ್ಮ ಕಡೆಯ ಹೊತ್ತಿಗೆ "ಅವರಿಗೆ 419, ನಮಗೆ 270" ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತದೆ. ಓದಿದವನು 419 ಟಿಎಂಸಿಯನ್ನೂ ನಮ್ಮ ಅಣೆಕಟ್ಟೆಗಳಿಂದಲೇ ಬಿಡಬೇಕೆಂದು ತಿಳಿಯುತ್ತಾನೆ. ನನ್ನ ಜೊತೆ ಪಾಠ ಮಾಡಿದವರೇ ಹಾಗೆ ನಂಬಿದ್ದರು. ಆ 419ರಲ್ಲಿ ತಮಿಳುನಾಡಿನ ಸ್ವಂತ ನೆಲದಲ್ಲಿ ಬೀಳುವ ಮಳೆ, ಅಲ್ಲಿಯೇ ಸೇರುವ ಉಪನದಿಗಳ ನೀರು ಎಲ್ಲ ಸೇರಿದೆ. ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಹರಿಸಬೇಕಾಗಿದ್ದು ವರ್ಷಕ್ಕೆ 192 ಟಿಎಂಸಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಅದು 177.25ಕ್ಕೆ ಇಳಿಯಿತು. ಈ ಒಂದು ಅಂಕಿಯನ್ನು ನೇರವಾಗಿ, ತಿಂಗಳವಾರು ಪಟ್ಟಿಯೊಂದಿಗೆ ಕೊಟ್ಟದ್ದು ನಾನು ಕಡೆಗಣಿಸಿದ್ದ ಪರೀಕ್ಷಾ ಕೈಪಿಡಿ. ಆಗಸ್ಟಿಗೆ 50 ಇದ್ದದ್ದು 45.95 ಆದದ್ದೂ ಅದರಲ್ಲಿದೆ. ಆ ಪುಟಕ್ಕಾಗಿ ಅದನ್ನು ಕಪಾಟಿನಲ್ಲಿ ಉಳಿಸಿಕೊಂಡಿದ್ದೇನೆ.

ಡೆಲ್ಟಾ ಪುಸ್ತಕವೂ ಇದೇ ತಪ್ಪನ್ನು ತನ್ನ ರೀತಿಯಲ್ಲಿ ಮಾಡಿದೆ. 2018ರಲ್ಲಿ 14.75 ಟಿಎಂಸಿ ಕಳೆದುಕೊಂಡೆವು ಎಂದು ಅಳುತ್ತದೆ. ತಮಿಳುನಾಡಿನ ಕಣಿವೆಯ ಅಂತರ್ಜಲದಲ್ಲಿ 10 ಟಿಎಂಸಿಯನ್ನು ನ್ಯಾಯಾಲಯ ಲೆಕ್ಕಕ್ಕೆ ಹಿಡಿಯಿತು, 4.75 ಬೆಂಗಳೂರಿನ ಕುಡಿಯುವ ನೀರಿಗೆ ಹೋಯಿತು ಎಂದು ಬಿಡಿಸಿ ಹೇಳುವುದಿಲ್ಲ. ಈಶಾನ್ಯ ಮಾರುತದ ಮಳೆಗೆ ಇಡೀ ಪುಸ್ತಕದಲ್ಲಿ ಸಿಕ್ಕ ಜಾಗ ಅರ್ಧ ಪುಟ.

ಆದರೆ ಅದರ ಮೂರನೆಯ ಅಧ್ಯಾಯ ನನ್ನ ಹಳೆಯ ತಿಳಿವಳಿಕೆಯೊಂದನ್ನು ತಿದ್ದಿತು. ಅವರು ಮೂರು ಬೆಳೆ ಬೆಳೆಯುತ್ತಾರೆ, ನಮಗೆ ಒಂದಕ್ಕೂ ನೀರಿಲ್ಲ ಎಂಬ ಮಾತನ್ನು ನಾನೂ ತರಗತಿಯಲ್ಲಿ ಆಡಿದ್ದೇನೆ. ಡೆಲ್ಟಾದ ಭತ್ತದ ಬೆಳೆಗಳಲ್ಲಿ ಕುರುವೈ ಮತ್ತು ಅದರ ಹಿಂದಿನಿಂದ ಬರುವ ತಾಳಡಿ ಎರಡು ಬೆಳೆಯ ಗದ್ದೆಯವು. ಸಾಂಬಾ ಬೇರೆ ಗದ್ದೆಯ ಒಂದೇ ದೀರ್ಘಾವಧಿ ಬೆಳೆ. ಒಂದೇ ಗದ್ದೆಯಲ್ಲಿ ಮೂರೂ ನಿಲ್ಲುವುದಿಲ್ಲ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ತೂಬು ಎತ್ತುವ ವಾಡಿಕೆಯ ದಿನ ಜೂನ್ 12. ಅದು ತಡವಾದರೆ ಕುರುವೈ ಕೊಯ್ಲು ಈಶಾನ್ಯ ಮಾರುತದ ಮಳೆಗೆ ಸಿಕ್ಕಿಕೊಳ್ಳುತ್ತದೆ. ಕನ್ನಡದ ಹೊತ್ತಿಗೆಯಲ್ಲಿ ಡೆಲ್ಟಾದ ರೈತ ಎಲ್ಲೂ ಗದ್ದೆಯಲ್ಲಿ ಇಲ್ಲ. ಅಲ್ಲಿ "ತಮಿಳುನಾಡು ತಗಾದೆ ತೆಗೆಯಿತು", "ತಮಿಳುನಾಡು ಪಟ್ಟು ಹಿಡಿಯಿತು" ಎಂಬ ಕ್ರಿಯಾಪದಗಳು ಮಾತ್ರ. ನಮ್ಮ ಕಡೆಗೆ ಬಂದಾಗ "ಮಂಡ್ಯದ ರೈತ ಕಣ್ಣೀರಿಟ್ಟ". ಡೆಲ್ಟಾ ಪುಸ್ತಕದಲ್ಲಿ ಇದೇ ತಿರುವುಮುರುವಾಗಿದೆ: ಅಲ್ಲಿ ರೈತ ಅವರವನು, ಸರ್ಕಾರ ನಮ್ಮದು. ಯಾರಿಗೆ ಮುಖ ಕೊಟ್ಟಿದ್ದಾರೆ, ಯಾರನ್ನು ಬರಿಯ ರಾಜ್ಯದ ಹೆಸರಾಗಿ ಬಿಟ್ಟಿದ್ದಾರೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋದರೆ ಹತ್ತು ಪುಟದೊಳಗೆ ಪುಸ್ತಕದ ಒಲವು ತಿಳಿಯುತ್ತದೆ.

ನನಗೆ ತುಂಬ ಉಪಯೋಗಕ್ಕೆ ಬಂದದ್ದು ಹೆಸರು ಬದಲಿಸಿ ಓದುವ ಪರೀಕ್ಷೆ. ಮಳೆ ಬೀಳುವ ನಾಡಿಗೆ ಮೊದಲ ಹಕ್ಕು, ಮಿಕ್ಕಿದ್ದು ಕೆಳಗಿನವರಿಗೆ ಎಂಬ ವಾದ ಕನ್ನಡದ ಹೊತ್ತಿಗೆಯ ಜೀವಾಳ. ಅಲ್ಲಿ ಕರ್ನಾಟಕ ಎಂದಿದ್ದಲ್ಲಿ ಹಾಸನ ಎಂದೂ, ತಮಿಳುನಾಡು ಎಂದಿದ್ದಲ್ಲಿ ಮಂಡ್ಯ, ತುಮಕೂರು ಎಂದೂ ಇಟ್ಟು ಗಟ್ಟಿಯಾಗಿ ಓದಿದೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ, ತುಂಬಿಕೊಳ್ಳುವುದು ಸಕಲೇಶಪುರದ ಮಳೆಯಲ್ಲಿ, ನಿಲ್ಲುವುದು ಗೊರೂರಿನಲ್ಲಿ. ಹಾಗಾದರೆ ಎಡದಂಡೆ ನಾಲೆಯಲ್ಲಿ ತುಮಕೂರಿಗೆ ಒಂದು ಹನಿಯನ್ನೂ ಬಿಡಬೇಕಾಗಿಲ್ಲ, ಅಲ್ಲವೇ? ನಮ್ಮ ಊರಿನಲ್ಲಿ ಹಾಗೆ ಹೇಳುವವರಿದ್ದಾರೆ. ತುಮಕೂರಿನವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಇನ್ನು ಡೆಲ್ಟಾ ಪುಸ್ತಕದ ತತ್ವ, ಮೊದಲು ಬಳಸಿದವನಿಗೆ ಮೊದಲ ಹಕ್ಕು. ಅದನ್ನೂ ಇಲ್ಲಿಗೆ ತಂದು ಓದಿದೆ. ಕನ್ನಂಬಾಡಿಯ ನಾಲೆಯಲ್ಲಿ ಮಂಡ್ಯದ ಗದ್ದೆಗಳು 1930ರ ದಶಕದಿಂದ ನೆನೆಯುತ್ತಿವೆ. ಗೊರೂರು ಅಣೆಕಟ್ಟು ಪೂರ್ಣವಾದದ್ದು 1979ರಲ್ಲಿ. ಆ ತತ್ವದ ಪ್ರಕಾರ ಗೊರೂರನ್ನು ಕಟ್ಟಲೇಬಾರದಿತ್ತು. ಇದನ್ನು ಹೊಳೆನರಸೀಪುರದ ಯಾವ ರೈತ ಒಪ್ಪುತ್ತಾನೆ? ಎರಡು ಪುಸ್ತಕಗಳೂ ತಮ್ಮ ತತ್ವವನ್ನು ಗಡಿಯವರೆಗೆ ಮಾತ್ರ ನಂಬುತ್ತವೆ. ತಂಗಿಯ ಮಗಳು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

1991ರ ಡಿಸೆಂಬರ್ ಬಗ್ಗೆ ನಾಲ್ಕು ಪುಸ್ತಕಗಳು ಏನು ಹೇಳುತ್ತವೆ ಎಂಬುದನ್ನು ನಾನು ಕೊನೆಗೆ ಉಳಿಸಿಕೊಂಡಿದ್ದೆ. ಆ ವರ್ಷ ಜೂನ್ 25ರಂದು 205 ಟಿಎಂಸಿ ಬಿಡಬೇಕೆಂಬ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು. ಅದನ್ನು ತಡೆಯಲು ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಸುಪ್ರೀಂ ಕೋರ್ಟ್ ನವೆಂಬರಿನಲ್ಲಿ ಆ ಸುಗ್ರೀವಾಜ್ಞೆಯನ್ನು ಅಸಾಂವಿಧಾನಿಕ ಎಂದಿತು. ಡಿಸೆಂಬರ್ 11ರಂದು ಮಧ್ಯಂತರ ಆದೇಶ ರಾಜಪತ್ರದಲ್ಲಿ ಪ್ರಕಟವಾಯಿತು. ಮರುದಿನದಿಂದ ಬೆಂಗಳೂರಿನಲ್ಲೂ ದಕ್ಷಿಣ ಕರ್ನಾಟಕದ ಬೇರೆ ಕಡೆಗಳಲ್ಲೂ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು. ಆಗ ನಾನು ಸಕಲೇಶಪುರದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕಾಫಿ ತೋಟದ ಕೂಲಿ ಲೈನಿನಿಂದ ಬರುತ್ತಿದ್ದ ತಮಿಳು ಮನೆಮಾತಿನ ಹುಡುಗಿಯೊಬ್ಬಳು ಎರಡು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೂ ಬಹಳ ದಿನ ಕನ್ನಡದಲ್ಲೇ, ತಗ್ಗಿದ ದನಿಯಲ್ಲಿ ಮಾತನಾಡಿದಳು. ಅವಳಿಗೆ ಕಾವೇರಿ ಎಲ್ಲಿ ಹರಿಯುತ್ತದೆ ಎಂದೇ ಗೊತ್ತಿರಲಿಲ್ಲ.

ಕನ್ನಡದ ಹೊತ್ತಿಗೆ ಆ ತಿಂಗಳನ್ನು "ಜನರ ಆಕ್ರೋಶ ಭುಗಿಲೆದ್ದಿತು" ಎಂದು ಮೂರೇ ಪದಗಳಲ್ಲಿ ದಾಟುತ್ತದೆ. ಮನೆ ಸುಟ್ಟವರೂ ಇಲ್ಲ, ಮನೆ ಕಳೆದುಕೊಂಡವರೂ ಇಲ್ಲ. ಡೆಲ್ಟಾ ಪುಸ್ತಕ ಎರಡು ಅಧ್ಯಾಯಗಳನ್ನು ಮೀಸಲಿಟ್ಟು, ಇಡೀ ಕನ್ನಡ ನಾಡೇ ಕೊಳ್ಳಿ ಹಿಡಿದು ನಿಂತಂತೆ ಬರೆಯುತ್ತದೆ. ಕೈಪಿಡಿಯಲ್ಲಿ ಆ ತಿಂಗಳೇ ಇಲ್ಲ. ಆದರೆ ನನಗೆ ಹೆಚ್ಚು ಸಿಟ್ಟು ಬಂದದ್ದು ಪ್ರಾಧ್ಯಾಪಕರ ಮೇಲೆ. "ಎರಡೂ ಕಡೆ ಹಿಂಸಾಚಾರ ನಡೆಯಿತು" ಎಂದು ಬರೆದು ತಕ್ಕಡಿಯನ್ನು ಸಮ ಮಾಡಿದ್ದಾರೆ. ಗಡಿಯ ಆಚೆ ಕನ್ನಡಿಗರ ಮೇಲೂ ಹಲ್ಲೆಗಳಾದವು, ನಿಜ. ಪ್ರಮಾಣ ಮಾತ್ರ ಒಂದೇ ಆಗಿರಲಿಲ್ಲ. ಪಕ್ಷಪಾತ ಇಲ್ಲದಂತೆ ಕಾಣಿಸುವ ಆಸೆಗೆ ನಡೆದದ್ದನ್ನು ತೆಳುಮಾಡುವುದೂ ಪಕ್ಷಪಾತವೇ. ಓದುಗ ಎಚ್ಚರ ತಪ್ಪುವುದು ಇಂಥ ಶಾಂತವಾದ ವಾಕ್ಯದಲ್ಲಿ.

ಅವರಿಗೆ ಸಲ್ಲಬೇಕಾದದ್ದನ್ನೂ ಹೇಳಬೇಕು. ಕೇರಳ ಮತ್ತು ಪುದುಚೇರಿಗೂ ಈ ವಿವಾದದಲ್ಲಿ ದನಿಯಿದೆ ಎಂದು ತೋರಿಸಿದ್ದು ಆ ಪುಸ್ತಕವೊಂದೇ. 2003ರಲ್ಲಿ ಎರಡೂ ರಾಜ್ಯಗಳ ರೈತರು ಎದುರುಬದುರು ಕುಳಿತು ಕಟ್ಟಿಕೊಂಡ 'ಕಾವೇರಿ ಕುಟುಂಬ'ದ ವಿಷಯ ನನಗೆ ತಿಳಿದದ್ದೂ ಅದರಿಂದಲೇ. ಒಬ್ಬರ ಗದ್ದೆಯನ್ನು ಇನ್ನೊಬ್ಬರು ಹೋಗಿ ನೋಡಿದ ಆ ಪುಟಗಳನ್ನು ಮೂರು ಸಲ ಓದಿದೆ.

ನಾಲ್ಕರಲ್ಲೂ ಸಿಗದಿದ್ದದ್ದು ಮುಳುಗಡೆಯಾದವರು. ಗೊರೂರಿನ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚನ್ನು ಈಗ ಎಲ್ಲರೂ ಮಳೆಗಾಲದಲ್ಲಿ ಬಂದು ಫೋಟೊ ತೆಗೆಯುತ್ತಾರೆ. ಸುತ್ತಲಿನ ಊರುಗಳ ಹೆಸರನ್ನು ಕೇಳುವವರಿಲ್ಲ. ಕನ್ನಡದ ಹೊತ್ತಿಗೆಯಲ್ಲಿ ಹೇಮಾವತಿ ಅಣೆಕಟ್ಟು ರಾಜ್ಯದ ಹಠದ ಗೆಲುವು, ಡೆಲ್ಟಾ ಪುಸ್ತಕದಲ್ಲಿ ಅನುಮತಿಯಿಲ್ಲದೆ ಕಟ್ಟಿದ ಅಡ್ಡಗೋಡೆ. ನನ್ನ ತಾಯಿ ಸಾಯುವವರೆಗೂ ಅದನ್ನು ಗೆಲುವು ಎಂದಾಗಲಿ ಅಡ್ಡಗೋಡೆ ಎಂದಾಗಲಿ ಕರೆಯಲಿಲ್ಲ. "ಅಲ್ಲಿ ನಮ್ಮ ಬಾವಿ ಇದೆ" ಎನ್ನುತ್ತಿದ್ದರು.

ಕೊನೆಗೆ ತಂಗಿಯ ಮಗಳಿಗೆ ಡೆಲ್ಟಾ ಪುಸ್ತಕವನ್ನೇ ಮೊದಲು ಪೂರ್ತಿ ಓದು ಎಂದೆ. ತನ್ನ ಕಡೆಯದಲ್ಲದ ಪುಸ್ತಕದಲ್ಲಿ ಒಲವು ಬೇಗ ಕಣ್ಣಿಗೆ ಬೀಳುತ್ತದೆ, ಅದರಲ್ಲಿ ಕೈ ಪಳಗಿದ ಮೇಲೆ ನಮ್ಮ ಹೊತ್ತಿಗೆಯನ್ನು ಅದೇ ಪೆನ್ಸಿಲ್ ಹಿಡಿದು ಓದಬೇಕು. ಅಂಕಿಗೆ ಕೈಪಿಡಿ ಪಕ್ಕದಲ್ಲಿರಲಿ. ಪ್ರಾಧ್ಯಾಪಕರ ಪುಸ್ತಕ ಕೊನೆಗೆ. ಅದನ್ನೇ ಮೊದಲು ಓದಿದರೆ ಉಳಿದವುಗಳನ್ನು ಓದುವ ಅಗತ್ಯವಿಲ್ಲ ಅನಿಸಿಬಿಡುತ್ತದೆ. ನಮ್ಮ ಹೊತ್ತಿಗೆಯನ್ನು ತಂಜಾವೂರಿನ ಹುಡುಗಿ ಓದುವುದಾದರೂ ಹೇಗೆ, ಅವಳಿಗೆ ಕನ್ನಡ ಬಾರದು. ರಾತ್ರಿ ಊಟದ ಮೇಲೆ ದಿನಕ್ಕೆ ನಾಲ್ಕು ಪುಟ ಇವಳೇ ಇಂಗ್ಲಿಷಿನಲ್ಲಿ ಹೇಳುತ್ತಾಳಂತೆ. ಮೊನ್ನೆ ಫೋನ್ ಮಾಡಿದಾಗ 1974ರವರೆಗೆ ಬಂದಿದ್ದರು. "ದೊಡ್ಡಮ್ಮ, ಸತ್ತಿತು ಎಂಬುದನ್ನು ಹಾಗೆಯೇ ಹೇಳಲೇ, ಇಲ್ಲ ಮುಗಿಯಿತು ಎನ್ನಲೇ?" ಎಂದು ಕೇಳಿದಳು. ಪುಸ್ತಕದಲ್ಲಿ ಇರುವಂತೆಯೇ ಹೇಳು, ಆಮೇಲೆ ಕೋರ್ಟು ಏನೆಂದಿತು ಎಂಬುದನ್ನು ಬೇರೆಯಾಗಿ ಹೇಳು ಎಂದೆ.